ಕುಂಟಿದ ಕುದುರೆ ಮತ್ತೆ ದೂರದ ದಾರಿಗೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಿಯೆರಾ ನೆವಾಡಾ ಪರ್ವತಶ್ರೇಣಿಯಲ್ಲಿ ಬಹುತೇಕ ಪ್ರತಿ ಬೇಸಿಗೆಯಲ್ಲೂ ಕುದುರೆ ಸವಾರಿಯ ಸ್ಪರ್ಧೆಯೊಂದು ನಡೆಯುತ್ತದೆ. ಟೆವಿಸ್ ಕಪ್ ಎಂಬುದು ಅದರ ಹೆಸರು. 1955ರಲ್ಲಿ ವೆಂಡೆಲ್ ರೋಬಿ ಎಂಬಾತ ಬೆರಳೆಣಿಕೆಯ ಸಂಗಡಿಗರೊಂದಿಗೆ ಆರಂಭಿಸಿದ ಈ ಸವಾರಿಯಲ್ಲಿ 100 ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್ ಬೆಟ್ಟದ ದಾರಿಯನ್ನು ಒಂದೇ ಕುದುರೆಯ ಮೇಲೆ 24 ಗಂಟೆಯೊಳಗೆ ಕ್ರಮಿಸಬೇಕು. 1973ರಲ್ಲಿ ಗಾರ್ಡಿ ಏನ್ಸ್‌ಲೀ ಎಂಬ ಸವಾರನ ಕುದುರೆ 29ನೇ ಮೈಲಿಯ ತಪಾಸಣಾ ಠಾಣೆಯಲ್ಲಿ ಕುಂಟಿತು. ಅವನ ಸವಾರಿ ಅಲ್ಲಿಗೇ ಮುಗಿಯಿತು. ಮರುವರ್ಷ ಆತ ಕುದುರೆಯೇ ಇಲ್ಲದೆ, ಕುದುರೆಗಳ ನಡುವೆ ತಾನೇ ಓಡಿ, 23 ಗಂಟೆ 42 ನಿಮಿಷದಲ್ಲಿ ಅದೇ ದಾರಿಯನ್ನು ಮುಗಿಸಿದ. ಇಂದು ಜಗತ್ತಿನೆಲ್ಲೆಡೆ ನಡೆಯುವ 100 ಮೈಲಿ ಓಟಗಳಿಗೆ ಅದೇ ನಾಂದಿಯಾಯಿತು.

ಓಡಿದವನ ಕಥೆ ಪ್ರಸಿದ್ಧವಾಯಿತು. ಆದರೆ ಕಾಲು ನೋಯಿಸಿಕೊಂಡು ದಾರಿಯಲ್ಲೇ ನಿಂತ ಕುದುರೆಯ ಮುಂದಿನ ಬದುಕನ್ನು ಕೇಳುವವರು ಕಡಿಮೆ. ಟೆವಿಸ್ ಕಪ್‌ನಲ್ಲಿ ಹೊರಟ ಕುದುರೆಗಳಲ್ಲಿ ಗುರಿ ಮುಟ್ಟುವವು ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ. ಹಿಂದೆ ಉಳಿಯುವ ಕುದುರೆಗಳಲ್ಲಿ ಅನೇಕವು ಉಳಿಯುವುದು ಕುಂಟಿನ ಕಾರಣಕ್ಕೆ. ಅವುಗಳಲ್ಲಿ ಕೆಲವಕ್ಕೆ ಗೊರಸಿನೊಳಗೆ ಕಲ್ಲು ಒತ್ತಿದ್ದಷ್ಟೇ ನೋವು, ಎರಡು ದಿನದಲ್ಲಿ ಮಾಯ. ಇನ್ನು ಕೆಲವಕ್ಕೆ ಮುಂದಿನ ಇಡೀ ವರ್ಷವೇ ಆ ಒಂದು ಹೆಜ್ಜೆಯ ಬೆಲೆ.

ಸಹನಶಕ್ತಿಯ ಸವಾರಿ ಅಥವಾ ಎಂಡ್ಯೂರೆನ್ಸ್ ಎಂದು ಕರೆಯಲಾಗುವ ಈ ಕ್ರೀಡೆ ಪಂದ್ಯದ ಮೈದಾನದ ಓಟಕ್ಕಿಂತ ಭಿನ್ನವಾದುದು. 40 ಕಿಲೋಮೀಟರ್‌ಗಳಿಂದ 160 ಕಿಲೋಮೀಟರ್‌ವರೆಗಿನ ದಾರಿಯನ್ನು ಕೆಲವು ಹಂತಗಳಾಗಿ ವಿಂಗಡಿಸಿರುತ್ತಾರೆ. ಪ್ರತಿ ಹಂತದ ಕೊನೆಯಲ್ಲೂ ಪಶುವೈದ್ಯರು ಕಾದಿರುತ್ತಾರೆ. ನಿಗದಿತ ನಿಮಿಷಗಳೊಳಗೆ ಕುದುರೆಯ ನಾಡಿಬಡಿತ ನಿಮಿಷಕ್ಕೆ 64ಕ್ಕೆ ಇಳಿಯಬೇಕು. ಲಗಾಮು ಹಿಡಿದು ಓಡಿಸಿದಾಗ ನಡೆಯಲ್ಲಿ ಕುಂಟು ಕಾಣಬಾರದು. ಎರಡರಲ್ಲಿ ಒಂದು ತಪ್ಪಿದರೂ ಸವಾರಿ ಅಂತ್ಯ. ಮೊದಲಿಗನಾಗಿ ಗೆರೆ ದಾಟಿದ ಕುದುರೆಯೂ ಕೊನೆಯ ತಪಾಸಣೆಯಲ್ಲಿ ಸೋತರೆ ಗೆದ್ದಂತಲ್ಲ. ಈ ಕ್ರೀಡೆಯ ಮೊದಲ ವಿಶ್ವ ಚಾಂಪಿಯನ್‌ಷಿಪ್ 1986ರಲ್ಲಿ ರೋಮ್‌ನಲ್ಲಿ ನಡೆಯಿತು. ಭಾರತಕ್ಕೂ ಇದೀಗ ಇದರ ಪರಿಚಯವಾಗಿದೆ. 2023ರಲ್ಲಿ ಫ್ರಾನ್ಸ್‌ನ ಕ್ಯಾಸ್ಟೆಲ್‌ಸಗ್ರಾದಲ್ಲಿ ನಡೆದ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೇರಳ ಮೂಲದ ನಿದಾ ಅಂಜುಂ ಚೇಲಾಟ್ 120 ಕಿಲೋಮೀಟರ್ ಸವಾರಿಯನ್ನು ಪೂರೈಸಿ, ಆ ಸಾಧನೆ ಮಾಡಿದ ಮೊದಲ ಭಾರತೀಯ ಸವಾರರೆನಿಸಿದರು.

ಬೆರಳ ತುದಿಯ ಮೇಲೆ ನಿಂತ ಪ್ರಾಣಿ

ಕುದುರೆಯ ಕಾಲು ಏಕೆ ಇಷ್ಟು ಸುಲಭವಾಗಿ ಕೈಕೊಡುತ್ತದೆ ಎಂಬುದಕ್ಕೆ ಉತ್ತರ ಅದರ ರಚನೆಯಲ್ಲೇ ಇದೆ. ಕುದುರೆ ನಿಂತಿರುವುದು ನಾಲ್ಕು ಪಾದಗಳ ಮೇಲಲ್ಲ, ನಾಲ್ಕು ಬೆರಳುಗಳ ತುದಿಯ ಮೇಲೆ. ಗೊರಸೆಂದರೆ ಆ ಬೆರಳನ್ನು ಕವಿದಿರುವ ದಪ್ಪ ಉಗುರು. ಮುಂಗಾಲಿನ ಮಂಡಿಯಿಂದ ಕೆಳಗೆ ಮಾಂಸಖಂಡವೆಂಬುದು ಇಲ್ಲವೇ ಇಲ್ಲ ಎನ್ನಬಹುದು. ಅಲ್ಲಿರುವುದು ಮೂಳೆ, ತೊಗಲು, ಮತ್ತು ಮೇಲಿನ ಸ್ನಾಯುಗಳನ್ನು ಕೆಳಗಿನ ಮೂಳೆಗಳಿಗೆ ಬಿಗಿಯುವ ಹುರಿಗಳು. ಈ ಹುರಿಗಳೇ ಕಂಡರಗಳು. ಜೊತೆಗೆ ಗೊರಸಿನ ಮೇಲಿನ ಗಿಣ್ಣನ್ನು ತೂಗುಮಂಚದ ಸರಪಳಿಯಂತೆ ಹಿಡಿದೆತ್ತಿರುವ ಸಸ್ಪೆನ್ಸರಿ ಎಂಬ ಅಸ್ಥಿಬಂಧ.

400ರಿಂದ 500 ಕಿಲೋ ತೂಕದ ದೇಹದಲ್ಲಿ ಸುಮಾರು ಶೇಕಡಾ 60ರಷ್ಟು ಭಾರವನ್ನು ಹೊರುವುದು ಮುಂಗಾಲುಗಳು. ಪ್ರತಿ ಹೆಜ್ಜೆಯಲ್ಲೂ ಗಿಣ್ಣು ನೆಲದತ್ತ ಕುಸಿಯುತ್ತದೆ, ಕಂಡರ ರಬ್ಬರಿನಂತೆ ಹಿಗ್ಗುತ್ತದೆ, ಮರುಕ್ಷಣ ಕುಗ್ಗಿ ಕಾಲನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಕಡಿಮೆ ಶ್ರಮದಲ್ಲಿ ಬಹುದೂರ ಸಾಗುವ ಕುದುರೆಯ ಶಕ್ತಿಯ ಗುಟ್ಟು ಇದೇ. ಅದರ ದೌರ್ಬಲ್ಯವೂ ಇದೇ. ನಾಗಾಲೋಟದಲ್ಲಿ ಕಂಡರ ಹಿಗ್ಗುವ ಪ್ರಮಾಣ ಅದು ಹರಿಯುವ ಮಿತಿಗೆ ಬಹಳ ಸಮೀಪವಾಗಿರುತ್ತದೆ. ಹಿಗ್ಗಿ ಕುಗ್ಗುವ ಆ ಕೆಲಸದಲ್ಲಿ ಹುಟ್ಟುವ ಶಾಖದಿಂದ ಕಂಡರದ ಒಳತಿರುಳಿನ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುವುದನ್ನು ಸಂಶೋಧಕರು ಅಳೆದಿದ್ದಾರೆ. ಸಾಲದೆಂಬಂತೆ, ಪ್ರಾಯಕ್ಕೆ ಬಂದ ಕುದುರೆಯ ಕಂಡರ ವ್ಯಾಯಾಮದಿಂದ ಮತ್ತಷ್ಟು ಬಲಿಯುವುದೂ ಕಡಿಮೆ. ಸಣ್ಣಸಣ್ಣ ಸೀಳುಗಳು ಒಳಗೊಳಗೇ ಸೇರುತ್ತಾ ಹೋಗಿ ಒಂದು ದಿನ, ದಣಿದ ಒಂದು ಗಳಿಗೆಯಲ್ಲಿ, ಎಳೆಗಳು ಹರಿಯುತ್ತವೆ. ಸವಾರನಿಗೆ ಅದು ಆಕಸ್ಮಿಕವೆನಿಸಿದರೂ ಕಾಲಿಗೆ ಅದು ಹಳೆಯ ಲೆಕ್ಕ.

ಗಾಯವಾದ ಮೊದಲ ದಿನಗಳಲ್ಲಿ ಮಾಡಬೇಕಾದುದು ಸರಳ: ಕೆಲಸ ನಿಲ್ಲಿಸುವುದು, ದಿನಕ್ಕೆ ಹಲವು ಬಾರಿ 20ರಿಂದ 30 ನಿಮಿಷ ತಣ್ಣೀರು ಬಿಡುವುದು ಅಥವಾ ಮಂಜುಗಡ್ಡೆ ಇಡುವುದು, ಹದವಾಗಿ ಪಟ್ಟಿ ಕಟ್ಟುವುದು, ಪಶುವೈದ್ಯರು ಹೇಳಿದ ಉರಿಯೂತ ನಿವಾರಕ ಕೊಡುವುದು. ಪಟ್ಟಿಯನ್ನು ಬಿಗಿಯಾಗಿ ಕಟ್ಟಿದರೆ ಅದೇ ಹೊಸ ಗಾಯಕ್ಕೆ ಕಾರಣವಾಗುತ್ತದೆ. ಅಲ್ಟ್ರಾಸೌಂಡ್ ಚಿತ್ರವನ್ನು ಮೊದಲ ದಿನವೇ ತೆಗೆಸಿ ನಿಶ್ಚಿಂತರಾಗುವಂತಿಲ್ಲ. ಹರಿದ ಜಾಗ ಮೊದಲ ಕೆಲವು ದಿನ ಇನ್ನೂ ಹಿಗ್ಗುವುದುಂಟು. ಹೀಗಾಗಿ ವಾರ, ಹತ್ತು ದಿನ ಕಳೆದ ಬಳಿಕ ತೆಗೆದ ಚಿತ್ರವೇ ಗಾಯದ ನಿಜವಾದ ಅಳತೆ ಹೇಳುತ್ತದೆ. ಕಂಡರದ ಬೆಳ್ಳನೆಯ ವೃತ್ತದ ನಡುವೆ ಕಪ್ಪು ಚುಕ್ಕೆಯಾಗಿ ಆ ಹರಿದ ತಿರುಳು ಕಾಣುತ್ತದೆ.

ಮೂರನೆಯ ತಿಂಗಳ ಮೋಸ

ಈ ಚಿಕಿತ್ಸೆಯ ಅತ್ಯಂತ ಅಪಾಯದ ಘಟ್ಟ ಕುದುರೆ ಕುಂಟುತ್ತಿರುವಾಗ ಬರುವುದಿಲ್ಲ. ಕುಂಟು ನಿಂತ ಮೇಲೆ ಬರುತ್ತದೆ. ಕೆಲವೇ ವಾರಗಳಲ್ಲಿ ಬಾವು ಇಳಿಯುತ್ತದೆ, ಬಿಸಿ ಆರುತ್ತದೆ, ನಡೆ ನೆಟ್ಟಗಾಗುತ್ತದೆ. ಲಾಯದಲ್ಲಿ ಕಟ್ಟಿಹಾಕಿಸಿಕೊಂಡ ಕುದುರೆ ಹಿಂಗಾಲಲ್ಲಿ ಎದ್ದು ನಿಂತು, ಗೋಡೆಗೆ ಒದ್ದು, ತಾನು ಸಂಪೂರ್ಣ ಗುಣವಾಗಿದ್ದೇನೆಂದು ಸಾರುತ್ತದೆ. ಮಾಲೀಕನಿಗೂ ಅದನ್ನೇ ನಂಬುವ ಆಸೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಲಾಯದಲ್ಲಿ ನಿಜವಾಗುವುದು ಈ ಹೊತ್ತಿನಲ್ಲೇ.

ಏಕೆಂದರೆ ನೋವು ಹೋಗುವುದು ಬೇರೆ, ಎಳೆ ಕೂಡುವುದು ಬೇರೆ. ಆರೋಗ್ಯವಂತ ಕಂಡರದಲ್ಲಿರುವುದು ಒಂದನೆಯ ಬಗೆಯ ಕೊಲಾಜೆನ್ ಎಂಬ ಪ್ರೋಟೀನು. ಅದರ ಎಳೆಗಳು ಹುರಿಹಗ್ಗದಂತೆ ಒಂದೇ ದಿಕ್ಕಿನಲ್ಲಿ ಹೆಣೆದಿರುತ್ತವೆ. ಗಾಯ ತುಂಬಲು ದೇಹ ಅವಸರದಲ್ಲಿ ಹಾಕುವ ತೇಪೆ ಮೂರನೆಯ ಬಗೆಯ ಕೊಲಾಜೆನ್‌ನದು. ಅದರ ಎಳೆಗಳು ಅಡ್ಡಾದಿಡ್ಡಿ, ದುರ್ಬಲ. ಈ ತೇಪೆ ನಿಧಾನವಾಗಿ ಬಲವಾದ ಎಳೆಗಳಾಗಿ ಮಾರ್ಪಟ್ಟು, ಭಾರ ಬೀಳುವ ದಿಕ್ಕಿಗೆ ತಿರುಗಿ ನಿಲ್ಲಲು ಒಂದು ವರ್ಷ, ಕೆಲವೊಮ್ಮೆ ಒಂದೂವರೆ ವರ್ಷ ಬೇಕು. ಗೊರಸಿನ ಮುಂಭಾಗ ಮೇಲಿನ ಅಂಚಿನಿಂದ ನೆಲದವರೆಗೆ ಹೊಸದಾಗಿ ಬೆಳೆದು ಬರಲು ಒಂಬತ್ತರಿಂದ ಹನ್ನೆರಡು ತಿಂಗಳು ಹಿಡಿಯುತ್ತದೆ. ಗಾಯದ ದಿನ ಗೊರಸಿನ ಮೇಲಂಚಿನಲ್ಲಿ ಒಂದು ಗುರುತು ಮಾಡಿದರೆ ಆ ಗುರುತು ನೆಲ ಮುಟ್ಟುವವರೆಗಾದರೂ ಕಾಯಬೇಕೆಂದು ಲೆಕ್ಕ ಹಾಕಿಕೊಳ್ಳಬಹುದು.

ಹಾಗೆಂದು ಕುದುರೆಯನ್ನು ವರ್ಷವಿಡೀ ಕಟ್ಟಿಹಾಕಿದರೂ ಪ್ರಯೋಜನವಿಲ್ಲ. ಎಳೆಗಳಿಗೆ ದಿಕ್ಕು ಕಲಿಸುವುದು ಭಾರವೇ. ಭಾರವೇ ಬೀಳದಿದ್ದರೆ ತೇಪೆ ತೇಪೆಯಾಗಿಯೇ ಉಳಿಯುತ್ತದೆ. ಹೆಚ್ಚು ಬಿದ್ದರೆ ಹರಿಯುತ್ತದೆ. ಇವೆರಡರ ನಡುವಿನ ಕಿರಿದಾದ ದಾರಿಯೇ ಅಳತೆಯ ವ್ಯಾಯಾಮ. ಸಾಮಾನ್ಯವಾಗಿ ಕೆಲವು ವಾರಗಳ ವಿಶ್ರಾಂತಿಯ ನಂತರ ದಿನಕ್ಕೆ ಐದು ಹತ್ತು ನಿಮಿಷ ಲಗಾಮು ಹಿಡಿದು ನಡೆಸುವುದರಿಂದ ಇದು ಆರಂಭವಾಗುತ್ತದೆ. ವಾರಕ್ಕೆ ಐದು ನಿಮಿಷದಂತೆ ಏರುತ್ತಾ ಮೂರು ತಿಂಗಳ ಹೊತ್ತಿಗೆ 40 ನಿಮಿಷದಿಂದ ಒಂದು ಗಂಟೆಯ ನಡಿಗೆ. ಬರೀ ನಡಿಗೆ, ಸಮತಟ್ಟಾದ ಗಟ್ಟಿ ನೆಲದಲ್ಲಿ. ಸಡಿಲ ಮರಳು ಕಂಡರವನ್ನು ಎಳೆಯುತ್ತದೆ, ಡಾಂಬರು ರಸ್ತೆಯ ಮೇಲಿನ ಓಟ ಗೊರಸು ಮೂಳೆಗಳನ್ನು ಜಜ್ಜುತ್ತದೆ. ವಿಶಾಲವಾದ ಹುಲ್ಲುಗಾವಲಿಗೆ ಬಿಡುವುದಂತೂ ಈ ಹಂತದಲ್ಲಿ ಸಲ್ಲದು. ಮೂರು ತಿಂಗಳ ಶ್ರಮವನ್ನು ಕುದುರೆ ಮೂರು ನಿಮಿಷದ ನಲಿದಾಟದಲ್ಲಿ ಹಾಳುಮಾಡಿಕೊಂಡ ಪ್ರಸಂಗ ಪಶುವೈದ್ಯರಿಗೆ ಹೊಸದಲ್ಲ.

ಇದು ಹೇಳಲು ಸುಲಭ. ಮಳೆಯಿರಲಿ ಚಳಿಯಿರಲಿ, ನಡೆಯಲು ಒಲ್ಲದೆ ಕುಣಿಯುವ ಅಷ್ಟು ದೊಡ್ಡ ಪ್ರಾಣಿಯ ಪಕ್ಕದಲ್ಲಿ ದಿನವೂ ಒಂದು ಗಂಟೆ ನಡೆಯುವವನು ಸವಾರನೋ ಲಾಯದ ಸೈಸನೋ ಆಗಿರುತ್ತಾನೆ. ಪದಕದ ಪಟ್ಟಿಯಲ್ಲಿ ಹೆಸರಿಲ್ಲದ ಈ ನಡಿಗೆಯೇ ಇಡೀ ಚಿಕಿತ್ಸೆಯ ಬೆನ್ನೆಲುಬು.

ಮೂರು ತಿಂಗಳಿಗೆ ಎರಡನೆಯ ಅಲ್ಟ್ರಾಸೌಂಡ್. ಚಿತ್ರ ತೃಪ್ತಿಕರವಾಗಿದ್ದರೆ ಮಾತ್ರ ಟ್ರಾಟ್ ಎಂಬ ಜಿಗಿನಡೆ, ಅದೂ ಐದೇ ನಿಮಿಷದಿಂದ. ಕ್ಯಾಂಟರ್ ಎಂಬ ಹಗುರ ಓಟ ಆರು ತಿಂಗಳು ದಾಟಿದ ಮೇಲೆ. ವೇಗದ ಮಾತು ಒಂಬತ್ತು ತಿಂಗಳಿಂದ ವರ್ಷದ ನಂತರ. ಪ್ರತಿ ಮೆಟ್ಟಿಲು ಏರುವ ಮುನ್ನ ಮತ್ತೊಂದು ಚಿತ್ರ. ಹಿಂದಿನ ಚಿತ್ರಕ್ಕೆ ಹೋಲಿಸಿದರೆ ಕಂಡರದ ಅಡ್ಡಗಾತ್ರ ಶೇಕಡಾ 10ಕ್ಕಿಂತ ಹೆಚ್ಚಾಗಿದ್ದರೆ ಕುದುರೆ ಕುಂಟದಿದ್ದರೂ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಯಂತ್ರದಷ್ಟೇ ಮುಖ್ಯವಾದುದು ಅಂಗೈ. ಪ್ರತಿ ಮುಂಜಾನೆ, ಕೆಲಸಕ್ಕೆ ಮೊದಲು, ಎರಡೂ ಕಾಲುಗಳನ್ನು ಮಂಡಿಯಿಂದ ಗಿಣ್ಣಿನವರೆಗೆ ಸವರಿ ಹೋಲಿಸುವ ಅಭ್ಯಾಸವುಳ್ಳವನಿಗೆ ಮೊದಲ ಬಿಸಿ, ಮೊದಲ ಬಾವು ಗೊತ್ತಾಗದೆ ಇರದು. ನಡೆಯನ್ನು ನೋಡುವುದಕ್ಕೂ ಒಂದು ಹಳೆಯ ಗುರುತಿದೆ: ಮುಂಗಾಲಲ್ಲಿ ನೋವಿರುವ ಕುದುರೆ ಆ ಕಾಲು ನೆಲಕ್ಕೆ ತಾಗಿದಾಗ ತಲೆ ಎತ್ತುತ್ತದೆ, ಒಳ್ಳೆಯ ಕಾಲು ತಾಗಿದಾಗ ತಲೆ ಬಗ್ಗಿಸುತ್ತದೆ.

ಒಳ್ಳೆಯ ಕಾಲಿನ ಸಂಕಟ

ಎಲ್ಲರ ಗಮನವೂ ಗಾಯದ ಕಾಲಿನ ಮೇಲಿರುವಾಗ ಅದರ ಭಾರವನ್ನೂ ತಾನೇ ಹೊತ್ತ ಎದುರು ಕಾಲು ಮರೆತುಹೋಗುವುದುಂಟು. ಅಮೆರಿಕದ ಪ್ರಸಿದ್ಧ ಓಟದ ಕುದುರೆ ಬಾರ್ಬರೋ 2006ರ ಮೇ ತಿಂಗಳಲ್ಲಿ ಕೆಂಟಕಿ ಡರ್ಬಿ ಗೆದ್ದು, ಅದೇ ತಿಂಗಳು ಪ್ರೀಕ್‌ನೆಸ್ ಪಂದ್ಯದಲ್ಲಿ ಬಲ ಹಿಂಗಾಲನ್ನು ಮುರಿದುಕೊಂಡಿತು. ಶಸ್ತ್ರಚಿಕಿತ್ಸೆಯಿಂದ ಮೂಳೆ ಕೂಡುತ್ತಾ ಬಂತು. ಆದರೆ ಎಡ ಹಿಂಗಾಲಿನ ಗೊರಸಿನೊಳಗೆ ಲ್ಯಾಮಿನೈಟಿಸ್ ಎಂಬ ಉರಿಯೂತ ಹುಟ್ಟಿತು. 2007ರ ಜನವರಿಯಲ್ಲಿ ಅದಕ್ಕೆ ದಯಾಮರಣ ಕೊಡಬೇಕಾಯಿತು. ಕಂಡರದ ಗಾಯದಲ್ಲಿ ಪರಿಸ್ಥಿತಿ ಸಾಮಾನ್ಯವಾಗಿ ಇಷ್ಟು ಘೋರವಾಗಿರುವುದಿಲ್ಲವಾದರೂ ಎರಡೂ ಕಾಲುಗಳಿಗೆ ಪಟ್ಟಿ ಕಟ್ಟುವುದರ ಹಿಂದೆ ಈ ಭಯವಿದೆ.

ಮೇವಿನ ವಿಷಯವೂ ಹೀಗೆಯೇ. ದುಡಿಯುವ ಕುದುರೆಗೆ ಕೊಡುತ್ತಿದ್ದ ಹುರುಳಿ, ಓಟ್ಸ್‌ಗಳನ್ನು ನಿಂತ ಕುದುರೆಗೂ ಅದೇ ಪ್ರಮಾಣದಲ್ಲಿ ಕೊಟ್ಟರೆ ಬೊಜ್ಜು ಬೆಳೆದು ಕಾಲಿನ ಮೇಲೆ ಭಾರ ಹೆಚ್ಚುತ್ತದೆ, ತುಂಟತನವೂ ಹೆಚ್ಚುತ್ತದೆ. ವಿಶ್ರಾಂತಿಯಲ್ಲಿ ಭರ್ತಿ ದಾಣಿ ತಿಂದು ಮತ್ತೆ ದಿಢೀರನೆ ಕೆಲಸಕ್ಕೆ ಇಳಿದ ಕುದುರೆಯ ಸ್ನಾಯುಗಳು ಮರದಂತೆ ಬಿಗಿದುಕೊಳ್ಳುವ ಕಾಯಿಲೆಯೊಂದಿದೆ. ಭಾನುವಾರ ರಜೆ ಪಡೆದ ಗಾಡಿ ಕುದುರೆಗಳಲ್ಲಿ ಕಾಣುತ್ತಿದ್ದ ಕಾರಣ ಯುರೋಪಿನಲ್ಲಿ ಅದನ್ನು ಸೋಮವಾರದ ಕಾಯಿಲೆ ಎಂದೇ ಕರೆಯುತ್ತಿದ್ದರು. ಲಾಳ ಕಟ್ಟುವವನ ಪಾತ್ರವನ್ನೂ ಕಡೆಗಣಿಸುವಂತಿಲ್ಲ. ಗೊರಸಿನ ಮುಂತುದಿ ಉದ್ದ ಬೆಳೆದು ಹಿಮ್ಮಡಿ ತಗ್ಗಾದರೆ ಪ್ರತಿ ಹೆಜ್ಜೆಯಲ್ಲೂ ಕಂಡರದ ಮೇಲಿನ ಸೆಳೆತ ಹೆಚ್ಚುತ್ತದೆ. ಐದಾರು ವಾರಕ್ಕೊಮ್ಮೆ ಗೊರಸು ತಿದ್ದಿಸದೆ ದುಬಾರಿ ಚುಚ್ಚುಮದ್ದಿಗೆ ಹಣ ಸುರಿಯುವುದು ಸೂರು ಸೋರುವಾಗ ಗೋಡೆಗೆ ಬಣ್ಣ ಹೊಡೆದಂತೆ.

ಚಿಕಿತ್ಸೆಗಳ ಪಟ್ಟಿ ದೊಡ್ಡದು. ಕಾಯಿಸಿದ ಕಬ್ಬಿಣದಿಂದ ಕಾಲಿಗೆ ಬರೆ ಹಾಕುವ ಪದ್ಧತಿ ಪೂರ್ವ ಪಶ್ಚಿಮಗಳೆರಡರಲ್ಲೂ ಬಹುಕಾಲ ನಡೆದುಬಂತು. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡ 1983ರಲ್ಲಿ ಪ್ರಕಟಿಸಿದ ಅಧ್ಯಯನ ಬರೆಯಿಂದ ಕಂಡರಕ್ಕೆ ಯಾವ ಲಾಭವೂ ಇಲ್ಲವೆಂದು ತೋರಿಸಿತು. ಬರೆ ಹಾಕಿಸಿಕೊಂಡ ಕುದುರೆಗಳಲ್ಲಿ ಕೆಲವು ಗುಣವಾಗುತ್ತಿದ್ದುದು ಬರೆಯಿಂದಲ್ಲ, ಬರೆಯ ನೆಪದಲ್ಲಿ ಸಿಗುತ್ತಿದ್ದ ದೀರ್ಘ ವಿಶ್ರಾಂತಿಯಿಂದ ಎನ್ನಬೇಕು. ಇಂದು ಕುದುರೆಯದೇ ರಕ್ತದ ಕಿರುಬಿಲ್ಲೆಗಳ ಸಾರ, ಅದರದೇ ಎಲುಬಿನ ಮಜ್ಜೆಯಿಂದ ಬೆಳೆಸಿದ ಆಕರಕೋಶಗಳನ್ನು ಗಾಯದೊಳಕ್ಕೆ ಚುಚ್ಚುವ ವಿಧಾನಗಳಿವೆ. ಆಕರಕೋಶ ಪಡೆದ 113 ಓಟದ ಕುದುರೆಗಳ ಬಗ್ಗೆ 2012ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನದಲ್ಲಿ ಮತ್ತೆ ಗಾಯಗೊಂಡವು ಸುಮಾರು ಶೇಕಡಾ 27. ಬೇರೆ ಚಿಕಿತ್ಸೆಗಳ ಹಿಂದಿನ ವರದಿಗಳಲ್ಲಿ ಈ ಪ್ರಮಾಣ ಇದಕ್ಕಿಂತ ಸಾಕಷ್ಟು ಹೆಚ್ಚಿತ್ತು. ಆದರೆ ಹೋಲಿಕೆ ಹಳೆಯ ವರದಿಗಳೊಡನೆಯೇ ಹೊರತು ಜೊತೆಜೊತೆಗೆ ಇಟ್ಟು ಪರೀಕ್ಷಿಸಿದ ಕುದುರೆಗಳೊಡನೆ ಅಲ್ಲ ಎಂಬುದನ್ನು ಮರೆಯುವಂತಿಲ್ಲ. ಹೊಸ ಚಿಕಿತ್ಸೆ ಪಡೆದ ಕುದುರೆಗೂ ನಡಿಗೆಯ ತಿಂಗಳುಗಳು ತಪ್ಪುವುದಿಲ್ಲ.

ನೋವು ನಿವಾರಕಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಮೊದಲ ದಿನಗಳಲ್ಲಿ ಉಪಕಾರಿಯಾದ ಔಷಧವೇ ಕೆಲಸ ಆರಂಭವಾದ ಮೇಲೆ ಶತ್ರುವಾಗುತ್ತದೆ. ನೋವೆಂಬುದು ಕಾಲು ಆಡುವ ಏಕೈಕ ಮಾತು. ಅದನ್ನು ಅಡಗಿಸಿ ಓಡಿಸಿದರೆ ಕಾಲು ಹರಿಯುವವರೆಗೂ ಯಾರಿಗೂ ತಿಳಿಯದು. ಎಫ್‌ಇಐ ಎಂದು ಪ್ರಸಿದ್ಧವಾದ ಅಂತಾರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ ಸ್ಪರ್ಧೆಯ ಸಮಯದಲ್ಲಿ ಇಂಥ ಔಷಧಗಳನ್ನು ನಿಷೇಧಿಸಿರುವುದಷ್ಟೇ ಅಲ್ಲ, ನರ ಮರಗಟ್ಟಿಸಿ ತಂದ ಕಾಲನ್ನು ಪತ್ತೆಹಚ್ಚಲು ಸ್ಪರ್ಶಜ್ಞಾನದ ಪರೀಕ್ಷೆಯನ್ನೂ ನಡೆಸುತ್ತದೆ. ಅಂಥ ಪರೀಕ್ಷೆಯ ಅಗತ್ಯ ಬಿದ್ದಿದೆ ಎಂಬುದೇ ಈ ಕ್ರೀಡೆಯ ಒಂದು ಕಪ್ಪು ಮುಖವನ್ನು ಹೇಳುತ್ತದೆ. ಭಾರತದಲ್ಲಿ ಇನ್ನೊಂದು ಸಂಗತಿಯಿದೆ. ಸತ್ತ ಜಾನುವಾರುಗಳ ದೇಹ ತಿಂದ ರಣಹದ್ದುಗಳು ಅಳಿಯುತ್ತಿದ್ದ ಕಾರಣ ಪಶುಗಳಿಗೆ ಡೈಕ್ಲೋಫೆನಾಕ್ ಬಳಸುವುದನ್ನು 2006ರಲ್ಲಿ, ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಬಳಸುವುದನ್ನು 2023ರಲ್ಲಿ ನಿಷೇಧಿಸಲಾಯಿತು. ಔಷಧದಂಗಡಿಯಿಂದ ಮನುಷ್ಯರ ಮಾತ್ರೆ ತಂದು ಕುದುರೆಗೆ ತಿನ್ನಿಸುವವರು ಇದನ್ನು ತಿಳಿದಿರುವುದು ಒಳಿತು.

ಮತ್ತೆ ಜೀನು

ವರ್ಷ ಕಳೆದು, ಚಿತ್ರಗಳೆಲ್ಲ ಒಪ್ಪಿದ ಮೇಲೆ ದೂರದ ತಯಾರಿ. ಇಲ್ಲೊಂದು ವಿಚಿತ್ರ ಸಮಸ್ಯೆ ಎದುರಾಗುತ್ತದೆ. ನಿಯಮಿತ ಕೆಲಸ ಆರಂಭವಾದೊಡನೆ ಕುದುರೆಯ ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ಸ್ನಾಯುಗಳಿಗೆ ಕೆಲವು ತಿಂಗಳು ಬೇಕು. ಕಂಡರ, ಮೂಳೆ, ಗೊರಸುಗಳಿಗೆ ಇನ್ನೂ ಹೆಚ್ಚು ಕಾಲ. ಹಳೆಯ ಗಾಡಿಗೆ ಹೊಸ ಎತ್ತು ಕಟ್ಟಿ, ಹಗ್ಗವನ್ನು ಮಾತ್ರ ಹಳೆಯದೇ ಉಳಿಸಿಕೊಂಡಂತೆ. ಕುದುರೆಗೆ ಓಡುವ ಉಸಿರಿದೆ, ಉತ್ಸಾಹವಿದೆ. ಕಾಲಿಗೆ ಆ ಓಟ ಇನ್ನೂ ತಾಳದು. ಉಸಿರಿನ ಲೆಕ್ಕದಲ್ಲಿ ತರಬೇತಿ ಏರಿಸಿದವರೇ ಎರಡನೆಯ ಬಾರಿ ಪೆಟ್ಟು ತಿನ್ನುವವರು.

ಆದ್ದರಿಂದ ಅನುಭವಿಗಳು ಮೊದಲು ದೂರವನ್ನು ಏರಿಸುತ್ತಾರೆ, ಅದೂ ನಿಧಾನಗತಿಯಲ್ಲಿ. ದೂರ, ವೇಗ, ಏರುದಾರಿ, ಈ ಮೂರರಲ್ಲಿ ಒಂದು ಬಾರಿಗೆ ಒಂದನ್ನು ಮಾತ್ರ ಹೆಚ್ಚಿಸಬೇಕೆಂಬುದು ಅವರ ನಿಯಮ. ಬೆಟ್ಟದ ದಾರಿಗೆ ಹೋದ ವಾರ ವೇಗವಿಲ್ಲ. ದೂರ ಹೆಚ್ಚಿದ ವಾರ ಬೆಟ್ಟವಿಲ್ಲ. ಕಠಿಣ ದಿನದ ಹಿಂದೆ ಮುಂದೆ ಹಗುರ ದಿನಗಳು.

ಕಾಲಿನ ನೋವನ್ನು ಕಾಲಿಗಿಂತ ಮೊದಲು ಹೃದಯ ಹೇಳುವುದೂ ಉಂಟು. ಅಮೆರಿಕದ ಪಶುವೈದ್ಯ ಕೆರಿ ರಿಜ್‌ವೇ ರೂಢಿಗೆ ತಂದ ಪರೀಕ್ಷೆಯೊಂದು ಇಂದು ಎಂಡ್ಯೂರೆನ್ಸ್ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿದೆ. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ಎಣಿಸಿ, ಸುಮಾರು 40 ಮೀಟರ್ ದೂರಕ್ಕೆ ಟ್ರಾಟ್‌ನಲ್ಲಿ ಓಡಿಸಿ ಮರಳಿ ತಂದು, ಹೊರಟ ಗಳಿಗೆಯಿಂದ ಸರಿಯಾಗಿ ಒಂದು ನಿಮಿಷಕ್ಕೆ ಮತ್ತೆ ಎಣಿಸುತ್ತಾರೆ. ದಣಿವೂ ನೋವೂ ಇಲ್ಲದ ಕುದುರೆಯ ನಾಡಿ ಮೊದಲಿನ ಮಟ್ಟಕ್ಕೋ ಅದಕ್ಕಿಂತ ಕೆಳಕ್ಕೋ ಬಂದಿರುತ್ತದೆ. ಎರಡನೆಯ ಎಣಿಕೆ ಮೇಲೇರಿದ್ದರೆ ಏನೋ ಸರಿಯಿಲ್ಲ. ಗಾಯದಿಂದ ಮರಳಿದ ಕುದುರೆಯ ಸವಾರನಿಗೆ ಮನೆಯಲ್ಲೇ, ವೆಚ್ಚವಿಲ್ಲದೆ, ಒಂದು ಗಡಿಯಾರದಿಂದ ಮಾಡಿಕೊಳ್ಳಬಹುದಾದ ಪರೀಕ್ಷೆಯಿದು.

ಎಲ್ಲ ಕುದುರೆಗಳೂ ಮರಳುವುದಿಲ್ಲ. ಗುಣವಾದ ಕಂಡರ ಮೊದಲಿನಷ್ಟು ಹಿಗ್ಗುವುದಿಲ್ಲ. ಆ ಬಿಗಿತದ ಹೊರೆ ಪಕ್ಕದ ಒಳ್ಳೆಯ ಎಳೆಗಳ ಮೇಲೆ ಬೀಳುತ್ತದೆ. ಹಾಗಾಗಿ 160 ಕಿಲೋಮೀಟರ್‌ಗೆ ಸಲ್ಲದ ಕಾಲು 40ಕ್ಕೆ ಸಲ್ಲಬಹುದು, 40ಕ್ಕೂ ಸಲ್ಲದ್ದು ಮಕ್ಕಳಿಗೆ ಸವಾರಿ ಕಲಿಸಲು ಸಲ್ಲಬಹುದು. ಬೆಂಗಳೂರು, ಮೈಸೂರುಗಳ ಪಂದ್ಯದ ಮೈದಾನಗಳಿಂದ ನಿವೃತ್ತವಾಗಿ ಸವಾರಿ ಶಾಲೆಗಳಿಗೆ ಬರುವ ಥರೋಬ್ರೆಡ್ ಕುದುರೆಗಳಲ್ಲಿ ಹಳೆಯ ಕಂಡರದ ಗಾಯ ಹೊತ್ತವೂ ಇರುತ್ತವೆ. ಮುಂಗಾಲಿನ ಹಿಂಭಾಗದಲ್ಲಿ ಬಿಲ್ಲಿನಂತೆ ಉಬ್ಬಿದ ಗೆರೆ ಅದರ ಗುರುತು. ಅಂಥ ಕುದುರೆಯನ್ನು ಕೊಳ್ಳುವಾಗ ಆ ಉಬ್ಬಿಗೆ ಹೆದರಿ ಹಿಂದೆಗೆಯಬೇಕಿಲ್ಲ. ಅದರ ವಯಸ್ಸೆಷ್ಟು, ಗಾಯವಾದ ಮೇಲೆ ಎಷ್ಟು ವಿಶ್ರಾಂತಿ ಸಿಕ್ಕಿದೆ, ಅಲ್ಟ್ರಾಸೌಂಡ್ ಏನು ಹೇಳುತ್ತದೆ ಎಂದು ಕೇಳಿ ತಿಳಿಯಬೇಕು. ಉತ್ತರ ಸಿಗದಿದ್ದರೆ ಗಾಯ ಇನ್ನೂ ಹಸಿಯಾಗಿದೆ ಎಂದೇ ಭಾವಿಸಿ ಮೊದಲಿನಿಂದ ನಡಿಗೆ ಆರಂಭಿಸುವುದು ಲೇಸು.

ಮರಳುವ ಕುದುರೆಗೆ ಮೊದಲ ಸವಾರಿ ಸಮತಟ್ಟಾದ ದಾರಿಯ, 40 ಕಿಲೋಮೀಟರ್ ಮೀರದ, ಸ್ಥಾನದ ಹಂಬಲವಿಲ್ಲದ ಸವಾರಿಯಾಗಿರಬೇಕು. ಮುಗಿದ ಸಂಜೆ ಪಶುವೈದ್ಯರು ನೇರ ನಡೆಯೆಂದು ಬರೆದುಕೊಟ್ಟರೂ ಫಲಿತಾಂಶ ಅಂದಿಗೆ ಪ್ರಕಟವಾಗುವುದಿಲ್ಲ. ದಣಿವಿನ ಬಿಸಿಯಲ್ಲಿ ಅಡಗಿದ್ದ ಬಾವು ಕಾಣಿಸಿಕೊಳ್ಳುವುದು ಮರುದಿನ, ಕೆಲವೊಮ್ಮೆ ಮೂರನೆಯ ದಿನ. ಅಲ್ಲಿಯವರೆಗೆ ಬೆಳಗಾಗುತ್ತಲೇ ಲಾಯಕ್ಕೆ ಹೋಗಿ, ಕುದುರೆ ಹೆಜ್ಜೆ ಎತ್ತುವ ಮೊದಲೇ ಬಾಗಿ, ಎರಡೂ ಕಾಲುಗಳನ್ನು ಸವರಿ ನೋಡಬೇಕು.